ನಗುಮುಖದ ಡಾಕ್ಟರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಬಸ್ ಚಾಲಕ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವನ ಹೆಂಡತಿ ಹೊಲಿಗೆಯವಳು. ಸೊಂಟನೋವಿಗೆಂದು ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಬೆನ್ನುಮೂಳೆಗೆ ಮರಗಟ್ಟಿಸುವ ಇಂಜೆಕ್ಷನ್ ಹಾಕಿಸಿಕೊಂಡ ಮರುದಿನವೇ ಜ್ವರ ಬಂದು ಕತ್ತು ಸೆಟೆದುಕೊಂಡಿತ್ತು. ದೊಡ್ಡಾಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

“ನಡ್ಕೊಂಡು ಹೋಗಿ ನಡ್ಕೊಂಡು ಬಂದ್ಲು ಮೇಡಂ,” ಎಂದ.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಸೊಂಟನೋವು ಅವರಿಗೂ ಹೊಸದಲ್ಲ. ಅದೇ ಡಾಕ್ಟರ ಹೆಸರನ್ನು ಅವರಿಗೂ ಯಾರೋ ಹೇಳಿದ್ದರು.

ಕ್ಲಿನಿಕ್ಕಿನಲ್ಲಿ ಪಂಚನಾಮೆ ನಡೆಯಿತು. ಸೂಜಿ, ಔಷಧಿ ಎಲ್ಲ ಸೀಲು ಒಡೆಯದವು. “ನೆಲದ ಮೇಲೇ ಅನ್ನ ಹಾಕ್ಕೊಂಡು ಉಣ್ಣಬಹುದು ಮೇಡಂ,” ಎಂದು ದಫೇದಾರ ಗೊಣಗಿದ. ಪ್ರಯೋಗಾಲಯವೂ ಔಷಧಿಯಲ್ಲಿ ದೋಷವಿಲ್ಲ ಎಂದಿತು.

ಶವಪರೀಕ್ಷೆಯ ವರದಿ ಬೇರೆಯೇ ದಾರಿ ತೋರಿಸಿತು: ಬ್ಯಾಕ್ಟೀರಿಯಾದಿಂದ ಮಿದುಳುಪೊರೆಗೆ ಸೋಂಕು.

“ಇದು ಬಾಯಲ್ಲಿರೋ ಕ್ರಿಮಿ,” ಎಂದರು ದೊಡ್ಡಾಸ್ಪತ್ರೆಯ ವೈದ್ಯೆ. “ಅಲ್ಲಿದ್ರೆ ಏನೂ ಮಾಡಲ್ಲ. ಬೆನ್ನುಮೂಳೆ ಒಳಗೆ ಹೋದ್ರೆ ಮುಗೀತು.”

“ಯಾರ ಬಾಯಿಂದ?”

“ಅದನ್ನ ನೀವೇ ಹುಡುಕಿ. ಹೋದ ತಿಂಗಳು ಆ ಕ್ಲಿನಿಕ್ಕಿಂದಲೇ ಇನ್ನೊಬ್ಬರು ಬಂದಿದ್ರು. ಜೀವ ಉಳೀತು, ಕಿವಿ ಹೋಯ್ತು. ಮಾಸ್ಕ್ ಹಾಕ್ಕೊಳ್ಳಿ ಅಂತ ಆಗಲೇ ಆ ಡಾಕ್ಟರಿಗೆ ಫೋನ್ ಮಾಡಿದ್ದೆ.”

ಕ್ಲಿನಿಕ್ಕಿನ ನರ್ಸನ್ನು ಕರೆಸಿದರು.

“ಸೂಜಿ ಹಾಕೋವಾಗ ಡಾಕ್ಟರು ಮಾಸ್ಕ್ ಹಾಕ್ತಿದ್ರಾ?”

“ಇಲ್ಲ.”

“ಮಾತಾಡ್ತಿದ್ರಾ?”

“ಬಾಯ್ತುಂಬ. ಕತೆ ಹೇಳಿ ನಗಿಸೋರು. ಮಾಸ್ಕ್ ಹಾಕ್ಕೊಳ್ಳಿ ಅಂತ ಎಷ್ಟೋ ಸಲ ಹೇಳ್ದೆ ಮೇಡಂ, ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ.”

ನ್ಯಾಯಾಲಯದ ಅನುಮತಿ ಪಡೆದು ಡಾಕ್ಟರ ಗಂಟಲಿನ ಮಾದರಿ ತೆಗೆಸಿದರು. ಸತ್ತವಳ ಬೆನ್ನುಮೂಳೆಯೊಳಗಿನ ನೀರಿನಲ್ಲಿದ್ದ ಕ್ರಿಮಿಗೂ ಅದಕ್ಕೂ ತಾಳೆಯಾಯಿತು; ಮಾತಾಡುವಾಗ ಹಾರಿದ ಎಂಜಲು ಸೂಜಿಗೆ ತಗುಲಿತ್ತು. ತಜ್ಞರ ಸಮಿತಿಯೂ ನಿರ್ಲಕ್ಷ್ಯವೆಂದು ಬರೆದ ಮೇಲೆ, ಎರಡು ತಿಂಗಳ ನಂತರ ಒಂದು ಗುರುವಾರ ಸಂಜೆ ಡಾಕ್ಟರನ್ನು ಬಂಧಿಸಲಾಯಿತು.

ಡಾಕ್ಟರು ವಾದಿಸಲಿಲ್ಲ. “ನನ್ನ ತಮ್ಮನಿಗೆ ಆಗ ಆರು ವರ್ಷ. ಆಪರೇಷನ್ ಕೋಣೇಲಿ ಬಟ್ಟೆ ಕಟ್ಟಿದ ಮುಖಗಳನ್ನ ನೋಡಿ ಕಿರುಚ್ತಾ ಒಳಗೆ ಹೋದ. ಮತ್ತೆ ಬರ್ಲಿಲ್ಲ. ನನ್ನ ಹತ್ರ ಬಂದೋರು ಹಾಗೆ ಹೆದರಬಾರದು ಅಂತಿತ್ತು.”

“ಫೋನ್ ಬಂದ ಮೇಲೂ?”

“ಸಮಾಧಾನ ಹೇಳೋ ಬಾಯಿ ಕೊಲ್ಲುತ್ತೆ ಅಂತ ಒಪ್ಕೊಳ್ಳೋಕೆ ಆಗ್ಲಿಲ್ಲ.”

ಬಂಧನದ ಸುದ್ದಿ ಹೇಳಲು ಇನ್‌ಸ್ಪೆಕ್ಟರ್ ತಾವೇ ಚಾಲಕನ ಮನೆಗೆ ಹೋದರು. ಕಾರಣವನ್ನೂ ಮುಚ್ಚಿಡದೆ ಹೇಳಿದರು. ಅವನು ಶಪಿಸಬಹುದು ಎಂದುಕೊಂಡಿದ್ದರು.

“ಅವತ್ತು ಬಂದವಳೇ ಹೇಳಿದ್ಲು,” ಎಂದ ಅವನು, ಗೋಡೆ ನೋಡುತ್ತ. “ಡಾಕ್ಟರು ಎಷ್ಟು ಚೆನ್ನಾಗಿ ಮಾತಾಡಿಸಿದ್ರು ರೀ, ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಂತ.”