ಮುದುಕನ ವೇಷ ತೊಟ್ಟವಳು

ಬಾಗಿಲಲ್ಲಿ ಸ್ಟಮಾಟಿಸ್‌ನನ್ನು ಕಂಡದ್ದೇ ತಡ, ಅಮೆರ್ಸಾಳ ಪಿತ್ತ ನೆತ್ತಿಗೇರಿತು.

"ನಗೋಕೆ ಬಂದ್ಯಾ? ಹೋಗು, ಚೌಕದಲ್ಲಿ ಒಳ್ಳೆ ಜಾಗ ಹಿಡ್ಕೋ."

ಅವನು ಹೊಸ್ತಿಲಲ್ಲೇ ನಿಂತ. ಕಂಕುಳಲ್ಲಿ ಒಂದು ಬಟ್ಟೆಗಂಟಿತ್ತು. ಸ್ಕೀರೋಸ್ ದ್ವೀಪದಲ್ಲಿ ಕಾರ್ನಿವಲ್‌ನ ಮುದುಕನ ವೇಷ ಅಂದರೆ ಆರು ವರ್ಷದಿಂದ ಸ್ಟಮಾಟಿಸ್‌ನದೇ ಹೆಸರು. ಕುರಿ ಕಾಯುವವನು, ಎತ್ತರದ ಆಳು, ಹುರಿ ಮಾಡಿದ ಮೀಸೆ. ಸೊಂಟಕ್ಕೆ ಗಂಟೆ ಬಿಗಿದು ಅವನು ಕುಲುಕಿದರೆ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಅಮೆರ್ಸಾಳ ಕಿಟಕಿ ಎಲ್ಲಕ್ಕಿಂತ ಮೊದಲು ತೆರೆಯುತ್ತಿತ್ತು. ಅದನ್ನು ಅವಳು ಒಪ್ಪುತ್ತಿರಲಿಲ್ಲ, ಅಷ್ಟೆ.

ಈ ಚಳಿಗಾಲದ ಶುರುವಿನಲ್ಲಿ ಕಾಫಿ ಅಂಗಡಿಯಲ್ಲಿ ಅವಳು, "ಈ ಸಲ ಅಪ್ಪನ ಗಂಟೆ ನಾನು ಕಟ್ತೀನಿ" ಅಂದಿದ್ದಳು. "ನಲವತ್ತು ಕಿಲೋ ಕಣೇ, ಚೀಸ್ ಬುಟ್ಟಿ ಅಲ್ಲ" ಅಂದಿದ್ದ ಅವನು. ಅಂಗಡಿಯೇ ನಕ್ಕಿತ್ತು. ಅಂದಿನಿಂದ ಮಾತು ಬಂದ್.

"ಒಳಗೆ ಬಾರೋ" ಎಂದರು ಅಪ್ಪ ಅನಗ್ನೋಸ್ತಿಸ್, ಊರುಗೋಲು ಊರಿಕೊಂಡು. ಮೂರು ತಲೆಮಾರು ಕಟ್ಟಿದ ಗಂಟೆಗಳು ನೆಲದ ಮೇಲೆ ಹರಡಿದ್ದವು. ಅಪ್ಪನ ಮಂಡಿ ಕೈಕೊಟ್ಟಿತ್ತು, ಗಂಡುಮಕ್ಕಳಿರಲಿಲ್ಲ. ಅವರು ಹಾಕಿದ ಷರತ್ತು ಊರಿಗೆಲ್ಲ ಗೊತ್ತು: ಗಂಟೆ ಕಟ್ಟಿಕೊಂಡು ಸಂತ ಜಾರ್ಜರ ಮಠದವರೆಗೆ ಹತ್ತಿ, ಚೌಕಕ್ಕೆ ಇಳಿದು ಬರಬೇಕು. ಯಾರೂ ಆಸರೆ ಕೊಡಕೂಡದು. ಬಂದರೆ ಗಂಟೆಗಳು ಮಗಳಿಗೆ, ಇಲ್ಲವಾದರೆ ಅಣ್ಣನ ಮಗ ಅರ್ಗೀರಿಸ್‌ಗೆ. ನಾಳೆಯಿಂದ ಉಪವಾಸ ಶುರು, ಇಂದೇ ಕಾರ್ನಿವಲ್‌ನ ಕೊನೆಯ ಭಾನುವಾರ.

"ಮುದುಕನ ಜತೆ ಕುಣಿಯೋಕೆ ಹೆಣ್ಣುವೇಷದ ಕೊರೆಲಾ ಬೇಕಲ್ಲ, ಯಾರು ಬರ್ತಾರೆ?" ಸ್ಟಮಾಟಿಸ್ ಕೇಳಿದ.

"ಒಬ್ಬಳೇ ಹೋಗ್ತೀನಿ."

ಅವನು ಗಂಟು ಬಿಚ್ಚಿದ. ಬಿಳಿ ಲಂಗ, ಕಸೂತಿಯ ರವಿಕೆ, ಹಳದಿ ಶಾಲು, ಮುಖಕ್ಕೆ ತೆಳುಪರದೆ. ಅವನ ತಾಯಿಯ ಮದುವೆ ಬಟ್ಟೆಗಳು.

"ಹೊಲಿಗೆ ಬಿಚ್ಚಿ ಅಗಲ ಮಾಡಿಸ್ದೆ" ಎಂದ, ಕಿವಿ ಕೆಂಪಗೆ ಮಾಡಿಕೊಂಡು. "ಅವತ್ತು ಅಂಗಡೀಲಿ ಹಾಗಂದಿದ್ದು ತಪ್ಪಾಯ್ತು. ಎಲ್ಲರ ಮುಂದೆ ಅಂದೆ. ಅದಕ್ಕೆ ಎಲ್ಲರ ಮುಂದೇನೇ ಲಂಗ ಉಡ್ತೀನಿ."

"ನೀನಾ? ಕೊರೆಲಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಮೀಸೆ?"

"ಪರದೆ ಇದೆಯಲ್ಲ."

ಕರಿ ಕಂಬಳಿಯ ಅಂಗಿ ತೊಡಿಸಿ, ಗಂಟೆಗಳ ಹಗ್ಗವನ್ನು ಅವನೇ ಬಿಗಿದ. "ಉಸಿರಾಡು... ಹಿಡಿಯುತ್ತಾ?" ಪ್ರತಿ ಗಂಟಿಗೂ ಕೇಳಿದ. ಅವನ ಉಸಿರು ಕತ್ತಿಗೆ ತಾಗಿದಾಗ ಅವಳು ಬೇಕೆಂದೇ ಉತ್ತರ ತಡಮಾಡಿದಳು. ಕೊನೆಗೆ ಮೇಕೆಮರಿಯ ಚರ್ಮದ ಮುಖವಾಡ ಇಳಿಯಿತು, ಪುಣ್ಯಕ್ಕೆ ಅವಳ ಮುಖ ಕೆಂಪೇರಿದ್ದು ಯಾರಿಗೂ ಕಾಣಲಿಲ್ಲ.

ಲಂಗ ಉಟ್ಟ ಸ್ಟಮಾಟಿಸ್ ಹಿಂದೆ ಹಿಂದೆ ಬಂದ, ಹತ್ತುವಾಗ ಕಷ್ಟವಾಗಲಿಲ್ಲ. ಮಠದ ಅಂಗಳದಲ್ಲಿ ಸೊಂಟ ಕುಲುಕಿ ನಾದ ಎಬ್ಬಿಸಿದಾಗ ಕೆಳಗೆ ಕಡಲು, ಬಿಳಿ ಮನೆಗಳು, ಎಲ್ಲವೂ ತನ್ನದೇ ಅನ್ನಿಸಿತು. ಕಷ್ಟ ಕಾದಿದ್ದು ಇಳಿಯುವ ಓಣಿಯಲ್ಲಿ.

ಎದುರಿಗೆ ಇನ್ನೊಬ್ಬ ಮುದುಕ ಬಂದ. ಕಾಲು ಹಾಕುವ ರೀತಿಯಿಂದಲೇ ಗೊತ್ತಾಯಿತು, ಅರ್ಗೀರಿಸ್. ಓಣಿಯಲ್ಲಿ ಇಬ್ಬರು ಮುದುಕರು ಎದುರಾದರೆ ಗಂಟೆ ಕುಲುಕಿಯೇ ತೀರ್ಮಾನ. ಮೊದಲು ನಿಂತವನು ಗೋಡೆಗೆ ಸರಿದು ದಾರಿ ಬಿಡಬೇಕು.

ಅರ್ಗೀರಿಸ್ ಕುಲುಕಿದ. ಇವಳೂ ಕುಲುಕಿದಳು. ಜನ ಮೆಟ್ಟಿಲ ಮೇಲೆ ಮುತ್ತಿಕೊಂಡರು. ಹಗ್ಗ ಪಕ್ಕೆಗೆ ಕೊರೆಯುತ್ತಿತ್ತು, ಬೆವರು ಕಣ್ಣಿಗಿಳಿದು ಎದುರಿನವನೇ ಮಸುಕಾದ. ಒಮ್ಮೆ ಅವಳ ಕಾಲು ಜಾರಿತು. ಬೆನ್ನ ಹಿಂದಿನ ಹಗ್ಗಕ್ಕೆ ಒಂದು ಕೈ ಬಂದದ್ದು ಗೊತ್ತಾಯಿತು.

"ಮುಟ್ಟಬೇಡ!" ಮುಖವಾಡದೊಳಗಿಂದ ಚೀರಿದಳು.

ಕೈ ತಟ್ಟನೆ ಹಿಂದೆ ಸರಿಯಿತು. ಆರು ವರ್ಷ ಆ ಭಾರ ಹೊತ್ತವನಿಗೆ ಅವಳ ನೋವು ಎಲ್ಲೆಲ್ಲಿ ಅಂತ ಗೊತ್ತಿತ್ತು, ಆದರೂ ಸರಿದ. ಲಂಗ ಎತ್ತಿ ಹಿಡಿದು, ಶಾಲು ಬೀಸುತ್ತ, ಅವಳ ಸುತ್ತ ಕುಣಿಯತೊಡಗಿದ. "ಇನ್ನೊಂದ್ಸಲ, ನನ್ನ ರಾಜಾ! ಅವನ ಎಡಗಾಲು ಸೋತಿದೆ, ನೋಡು!" ಎಂದು ಹೆಣ್ಣುದನಿಯಲ್ಲಿ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಅಮೆರ್ಸಾ ಹಲ್ಲು ಕಚ್ಚಿ ಕುಲುಕಿದಳು, ಮತ್ತೂ ಕುಲುಕಿದಳು.

ಅರ್ಗೀರಿಸ್‌ನ ಗಂಟೆಗಳು ನಿಂತವು. ಅವನು ಗೋಡೆಗೆ ಸರಿದು, ಎದೆಯ ಮೇಲೆ ಕೈಯಿಟ್ಟು ಬಾಗಿದ. ದೊಡ್ಡ ಮನಸ್ಸಿನ ಹುಡುಗ.

ಚೌಕದಲ್ಲಿ ಅಪ್ಪ ಕುರ್ಚಿಯ ಅಂಚಿಗೆ ಬಂದಿದ್ದರು. ಅವಳು ಅವರೆದುರು ನಿಂತು ಮುಖವಾಡ ಎತ್ತಿದಳು. "ಅನಗ್ನೋಸ್ತಿಸ್‌ನ ಮಗಳು!" ಎಂದು ಯಾರೋ ಕೂಗಿದರು. ಅಪ್ಪ ಊರುಗೋಲು ಪಕ್ಕಕ್ಕಿಟ್ಟರು. ಗಂಟೆಗಳನ್ನು ಒಂದೊಂದಾಗಿ ಮುಟ್ಟಿ ಮುಟ್ಟಿ ನೋಡಿದರು, "ನಿನ್ನವು ಮಗಳೇ" ಅಂದರು.

ಪಕ್ಕದ ಬೆಂಚಿನಿಂದ ಮೊಸ್ಕೌ ಅಜ್ಜಿ ಕತ್ತು ಚಾಚಿದಳು. "ಅದೆಲ್ಲ ಸರಿ. ಈ ಕೊರೆಲಾ ಯಾರ ಮನೆ ಹುಡುಗೀನೇ? ಎಷ್ಟು ಎತ್ತರ ಬೆಳೆದವ್ಳೆ ನೋಡು!"

ಅಮೆರ್ಸಾ ಅವನ ಕಡೆ ತಿರುಗಿದಳು. ಪರದೆಯ ಹಿಂದೆ ಅವನ ಕಣ್ಣುಗಳು ಅವಳ ಮೇಲೆಯೇ ಇದ್ದವು, ಗೆದ್ದವನು ತಾನೇ ಎಂಬಷ್ಟು ಹೆಮ್ಮೆಯಿಂದ. ಇವನನ್ನು ಬಿಟ್ಟರೆ ತನಗೆ ಇನ್ನಾರೂ ಬೇಡ ಎಂದು ಅವಳಿಗೆ ಆ ಕ್ಷಣ ಖಚಿತವಾಯಿತು. ಈ ದ್ವೀಪದಲ್ಲಿ ಮನೆ ಹೆಣ್ಣುಮಗಳದು, ಮದುವೆಯಾದ ಗಂಡೇ ಅಲ್ಲಿಗೆ ಬರಬೇಕು.

"ನಮ್ಮ ಮನೆ ಸೊಸೆ ಅಜ್ಜಿ" ಎಂದಳು, ಇಡೀ ಚೌಕಕ್ಕೆ ಕೇಳುವ ಹಾಗೆ. "ಅವಳು ಒಪ್ಪಿದ್ರೆ."

ಸ್ಟಮಾಟಿಸ್ ಪರದೆ ಸರಿಸಿದ. ಮೀಸೆ ಕಂಡದ್ದೇ ಚೌಕ ಹೋ ಎಂದಿತು. ಅವನು ಎರಡೂ ಕೈಯಲ್ಲಿ ಲಂಗ ಹಿಡಿದು, ಅಪ್ಪನ ಮುಂದೆ ವಧುವಿನಂತೆ ತಲೆತಗ್ಗಿಸಿದ.

"ಯಾವಾಗ ಬರಲಿ, ಮಾವ?"