ಯಶೋದಮ್ಮನ ತಪ್ಪು ಕಾಣಿಕೆ

2025ರ ಜುಲೈ 5, ಶನಿವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಪದ್ಮನಾಭ, ಮಾರೇನಹಳ್ಳಿಯ ಕೆರೆಕೋಡಮ್ಮನ ಗುಡಿಯ ಕಮಿಟಿ ಕಾರ್ಯದರ್ಶಿ. ಕೆರೆ ಹೋಗಿ ಸೈಟಾಗಿ, ಸೈಟು ಮನೆಯಾಗಿ ನಲವತ್ತು ವರ್ಷ ಕಳೆದರೂ ಅಮ್ಮ ಮಾತ್ರ ಕೋಡಿಯ ಜಾಗ ಬಿಟ್ಟು ಕದಲಿರಲಿಲ್ಲ. ಆಷಾಢದ ಎರಡನೇ ಶುಕ್ರವಾರದ ಅಲಂಕಾರವನ್ನು ಮಾರನೇ ಬೆಳಿಗ್ಗೆ ಬಿಚ್ಚುವಾಗ ಆ ಅಮ್ಮನ ಬಂಗಾರದ ಹಣೆಬೊಟ್ಟು ಕಾಣೆಯಾಗಿತ್ತು.

ಇನ್‌ಸ್ಪೆಕ್ಟರ್ ದೊಡ್ಡಹನುಮಯ್ಯ ದೂರನ್ನು ಎರಡು ಸಲ ಓದಿದರು. ಮಾಗಡಿ ಕಡೆಯ ಹಳ್ಳಿಯವರು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಬೆಳಿಗ್ಗೆ ದೇವರಿಗೆ ಕೈಮುಗಿಯದೆ ಟೋಪಿ ಮುಟ್ಟಿದವರಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಅಂತಲ್ಲ ಸಾರ್. ಹೂ ಕಟ್ಟೋ ಯಶೋದಮ್ಮ ಇವತ್ತು ಆರು ಗಂಟೆಗೇ ಬಂದು ಬೇವಿನ ಮರಕ್ಕೆ ತಪ್ಪು ಕಾಣಿಕೆ ಕಟ್ಟಿ ಹೋಗಿದಾಳೆ. ಬೊಟ್ಟು ಹೋಗಿರೋದು ನಮಗೆ ಗೊತ್ತಾಗಿದ್ದೇ ಎಂಟಕ್ಕೆ."

ಹಳದಿ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಗಂಟು ಹಾಕಿ, ತಪ್ಪಾಯ್ತು ತಾಯಿ ಎಂದು ಕಟ್ಟಿ ಬರುವ ಆ ಕಾಣಿಕೆ ದೊಡ್ಡಹನುಮಯ್ಯನವರಿಗೆ ಹೊಸದೇನಲ್ಲ. ಅವರ ತಾಯಿ ಹರಕೆ ಮರೆತದ್ದಕ್ಕೂ ಕಟ್ಟುತ್ತಿದ್ದರು, ಅತ್ತೆಗೆ ಎದುರು ಮಾತಾಡಿದ್ದಕ್ಕೂ ಕಟ್ಟುತ್ತಿದ್ದರು. ಏನು ತಪ್ಪು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಶನಿವಾರ ಮಾತ್ರ ಇದೊಂದೂ ಅವರ ನೆನಪಿಗೆ ಬರಲಿಲ್ಲ. ಮೇಲಿನವರ ಫೋನು ಆಗಲೇ ಎರಡು ಸಲ ಬಂದಿತ್ತು. ದೇವಿಯ ಒಡವೆ, ಆಷಾಢ, ಬೇಗ ಮುಗಿಸಿ.

ಹನ್ನೊಂದಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಹನ್ನೆರಡೂವರೆಗೆ ಗುಡಿಯಲ್ಲಿ ಸ್ಥಳ ಪಂಚನಾಮೆ. ಬೊಟ್ಟನ್ನು ಅಮ್ಮನ ಹಣೆಗೆ ಮೇಣದಿಂದ ಅಂಟಿಸುತ್ತಿದ್ದರು. ಮೇಣ ಅಲ್ಲೇ ಇತ್ತು, ಬೊಟ್ಟು ಇರಲಿಲ್ಲ. ಗುಡಿಗೆ ಇದ್ದ ಒಂದೇ ಕ್ಯಾಮೆರಾ ಗೇಟಿನ ಮೇಲಿತ್ತು, ಭಕ್ತರ ಚಪ್ಪಲಿ ಕಾಯುವುದಕ್ಕೆ.

ಮೂರು ಗಂಟೆಗೆ ಸ್ಟೇಷನ್ ರೈಟರ್ ಮೋಹನ್ ಕುಮಾರ್ ಯಶೋದಮ್ಮನನ್ನು ಠಾಣೆಗೆ ಕರೆತಂದ. ಐವತ್ತೆಂಟರ ಹೆಂಗಸು. ಬೆರಳುಗಳಿಗೆ ಬಾಳೆನಾರು ಹಾಗೇ ಅಂಟಿತ್ತು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಲತಾ ಅಂದು ಕೆಂಗೇರಿ ಕಡೆ ಬಂದೋಬಸ್ತಿಗೆ ಹೋಗಿದ್ದರು. ಅವರು ಬರಲಿ ಎಂದು ಯಾರೂ ಕಾಯಲಿಲ್ಲ.

"ತಪ್ಪು ಕಾಣಿಕೆ ಕಟ್ಟಿದ್ದು ನೀವೇನಾ?" ಎಂದು ಕೇಳಿದರು ದೊಡ್ಡಹನುಮಯ್ಯ.

"ಹೂಂ ಸ್ವಾಮಿ."

"ಏನು ತಪ್ಪು?"

"ಅದು ನನಗೂ ಅಮ್ಮನಿಗೂ ಬಿಟ್ಟಿದ್ದು."

"ಬೊಟ್ಟು ತಗೊಂಡ್ರಾ?"

"ಇಲ್ಲ."

"ಹಂಗಾದ್ರೆ ಏನು ತಪ್ಪು ಅಂತ ಹೇಳಿ, ಮನೆಗೆ ಹೋಗಿ."

ಯಶೋದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೋಹನ್ ಅವಳ ಫೋನು ತೆಗೆದುಕೊಂಡು ಲಾಕು ತೆಗೆಸಿ ಮೆಸೇಜುಗಳನ್ನೆಲ್ಲ ಜಾಲಾಡಿದ. ಏನೂ ಸಿಗದಿದ್ದರೂ ಹಾಳೆಯ ಮೇಲೆ 'ತಪ್ಪೊಪ್ಪಿಗೆ' ಎಂದು ತಲೆಬರಹ ಬರೆದ. ಕಾಣಿಕೆ ಅನ್ನಬೇಕಾದಲ್ಲಿ ಒಪ್ಪಿಗೆ ಅಂತ ಬಿತ್ತು. ದೊಡ್ಡಹನುಮಯ್ಯ ಅದನ್ನು ಓದಿದರು, ತಿದ್ದಲಿಲ್ಲ.

ಮೂರು ನಲವತ್ತಕ್ಕೆ ಮೋಹನ್ ಒಂದು ಫೋಟೋ ತೆಗೆದ. ಹಿಂದೆ ಲಾಕಪ್ಪಿನ ಸರಳು, ಮುಂದೆ ಬೆಂಚಿನ ಮೇಲೆ ಯಶೋದಮ್ಮ. ಅದನ್ನು ಇನ್‌ಸ್ಪೆಕ್ಟರಿಗೆ ಕಳಿಸಿದ. ನಾಲ್ಕು ಗಂಟೆಗೆ ಪದ್ಮನಾಭ ಫೋನು ಮಾಡಿ, "ಭಕ್ತರು ಕೇಳ್ತಾ ಇದಾರೆ ಸಾರ್, ಏನಾದ್ರೂ ಪ್ರೋಗ್ರೆಸ್ ಇದೆಯಾ?" ಎಂದಾಗ ದೊಡ್ಡಹನುಮಯ್ಯ ಆ ಫೋಟೋವನ್ನು ಅವರಿಗೆ ದಾಟಿಸಿದರು. ಕೆಳಗೆ 'ವಿಚಾರಣೆ ನಡೀತಿದೆ' ಎಂದು ಬರೆದರು. ಪೊಲೀಸರು ಸುಮ್ಮನೆ ಕೂತಿಲ್ಲ ಎಂದು ತೋರಬೇಕಿತ್ತು, ಅಷ್ಟೇ.

ಆರಕ್ಕೆ ಅವಳನ್ನು ಮನೆಗೆ ಕಳಿಸಿದರು. ಅಷ್ಟರಲ್ಲಿ ಫೋಟೋ ಅವಳಿಗಿಂತ ಮೊದಲೇ ಮನೆ ತಲುಪಿತ್ತು. ಗುಡಿಯ ಭಕ್ತರ ಗ್ರೂಪಿನಲ್ಲಿ, ಅಲ್ಲಿಂದ ಲೇಔಟಿನ ಗ್ರೂಪುಗಳಲ್ಲಿ, 'ಅಮ್ಮನ ಬೊಟ್ಟು ಕದ್ದ ಕಳ್ಳಿ' ಎಂಬ ಸಾಲಿನ ಜೊತೆ.

ಸೋಮವಾರ, ಜುಲೈ 7, ಬೆಳಿಗ್ಗೆ ಹತ್ತು ನಲವತ್ತು. ಯಶೋದಮ್ಮ ಮತ್ತೆ ಬಂದಳು. ಜೊತೆಗೆ ಮಗಳು ಚೈತ್ರ, ಉಚಿತ ಕಾನೂನು ನೆರವಿನಿಂದ ಬಂದ ವಕೀಲೆ ಸ್ಮೃತಿ. ಸ್ಮೃತಿಗೆ ಮೂವತ್ತೂ ಆಗಿರಲಿಲ್ಲ. ದನಿ ಏರಿಸದೆ ಕೇಳಿದಳು.

"ಸಾರ್, ಇವರು ಆರೋಪಿನಾ, ಸಾಕ್ಷಿನಾ?"

"ವಿಚಾರಣೆಗೆ ಕರೆಸಿದ್ವಿ."

"ಸಾಕ್ಷಿ ಆದ್ರೆ ಹೆಂಗಸನ್ನ ಮನೇಲೇ ಕೇಳ್ಬೇಕು, ಠಾಣೆಗೆ ಕರೆಸೋ ಹಾಗಿಲ್ಲ. ಆರೋಪಿ ಆದ್ರೆ ಹಾಜರಾಗಿ ಅಂತ ಕೊಡೋ ಕಲಂ 35ರ ನೋಟಿಸ್ ಎಲ್ಲಿ? ತನ್ನ ವಿರುದ್ಧ ತಾನೇ ಹೇಳು ಅಂತ ಆರೋಪಿನ ಬಲವಂತ ಮಾಡೋ ಹಾಗಿಲ್ಲ. ಫೋನ್ ಯಾವ ಆದೇಶದ ಮೇಲೆ ನೋಡಿದ್ರಿ?"

ದೊಡ್ಡಹನುಮಯ್ಯ ಪೇಪರ್ ವೇಟು ತಿರುಗಿಸಿದರು. ಈ ಪಾಠಗಳನ್ನೆಲ್ಲ ಹೊಸ ಹುಡುಗರಿಗೆ ಅವರೇ ಹೇಳಿಕೊಟ್ಟಿದ್ದರು.

"ಇನ್ನೊಂದು ಸಾರ್. ಠಾಣೆ ಒಳಗೆ ತೆಗೆದ ಫೋಟೋನ ಹೊರಗೆ ಕೊಟ್ಟಿದ್ದು ಯಾರು?"

ಚೈತ್ರ ನರ್ಸರಿ ಶಾಲೆಯ ಮಿಸ್ಸು. ಆ ಬೆಳಿಗ್ಗೆ ಶಾಲೆಯವರು, ಸ್ವಲ್ಪ ದಿನ ಬರಬೇಡಿ ಮಿಸ್, ಪೇರೆಂಟ್ಸ್ ಕೇಳ್ತಾರೆ ಎಂದಿದ್ದರು. ಅವಳು ಇನ್‌ಸ್ಪೆಕ್ಟರ ಮುಖವನ್ನೇ ನೋಡುತ್ತಿದ್ದಳು.

ಮೋಹನ್ ಕುಮಾರ್ ಒಂದು ಹೆಜ್ಜೆ ಮುಂದೆ ಬಂದ. "ನಾನೇ ಮೇಡಂ. ಫ್ರೆಂಡ್ ಒಬ್ಬನಿಗೆ ಕಳಿಸ್ಬಿಟ್ಟೆ. ತಪ್ಪಾಯ್ತು."

ಸುಳ್ಳು. ಸಾಹೇಬರ ಮಾನ ಉಳಿಸಲು ಹೇಳಿದ ಸುಳ್ಳು. ಇಲ್ಲ ಎನ್ನಲು ದೊಡ್ಡಹನುಮಯ್ಯನವರಿಗೆ ಒಂದೇ ಉಸಿರಿನ ಹೊತ್ತಿತ್ತು. ಆ ಉಸಿರು ಹೋಯಿತು. ಅವರು ಮೇಜಿನ ಗಾಜಿನಡಿಯ ದೇವರ ಪಟ ನೋಡುತ್ತಾ, "ಕ್ರಮ ತಗೋತೀನಿ" ಎಂದರು.

ಸ್ಮೃತಿ ಲಿಖಿತ ದೂರು ಕೊಟ್ಟಳು. ಜೊತೆಗೆ ಆ ಗ್ರೂಪಿನ ಒಂದು ವಾರದ ಚಾಟ್ ಮತ್ತು ಫೋಟೋಗಳ ಪ್ರಿಂಟ್. ಸ್ವೀಕೃತಿ ಚೀಟಿ ಪಡೆದೇ ಹೋದಳು.

ಆ ಹಾಳೆಗಳನ್ನು ಮೊದಲಿನಿಂದ ಓದಿದವರು ಲತಾ. ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ ಮೇಜಿನ ಮೇಲೆ ಎರಡು ಹಾಳೆ ಜೋಡಿಸಿಟ್ಟರು.

"ಸಾರ್, ಶುಕ್ರವಾರ ಜನ ಅಲಂಕಾರದ ಫೋಟೋ ಹಾಕಿದಾರೆ. ಇದು ರಾತ್ರಿ ಎಂಟೂ ಕಾಲು. ಹಣೆ ಮೇಲೆ ಬೊಟ್ಟು ಇದೆ. ಇದು ಎಂಟು ಐವತ್ತು. ಬೊಟ್ಟಿಲ್ಲ, ದಪ್ಪಗೆ ಕುಂಕುಮ ಮೆತ್ತಿದೆ."

"ಯಶೋದಮ್ಮ ಎಷ್ಟೊತ್ತಿಗೆ ಹೋದ್ರು?"

"ಚಪ್ಪಲಿ ಕ್ಯಾಮೆರಾ ನೋಡ್ಬಂದೆ. ಏಳು ಮೂವತ್ತೈದಕ್ಕೆ ಬುಟ್ಟಿ ಎತ್ಕೊಂಡು ಹೋದ್ರು. ವಾಪಸ್ ಬಂದಿಲ್ಲ." ಲತಾ ಸ್ವಲ್ಪ ತಡೆದು ಸೇರಿಸಿದರು. "ಶನಿವಾರವೇ ನೋಡಬಹುದಿತ್ತು ಸಾರ್."

ಸಾಯಂಕಾಲ ಇನ್‌ಸ್ಪೆಕ್ಟರ್ ಪೂಜಾರಿ ತಿಮ್ಮಯ್ಯನ ಹೇಳಿಕೆ ಪಡೆದರು.

"ಎಂಟೂಕಾಲಿಂದ ಎಂಟು ಐವತ್ತರ ತನಕ ಗರ್ಭಗುಡಿ ಹತ್ರ ಯಾರಿದ್ರು?"

"ನಾನು."

"ಇನ್ಯಾರು?"

ತಿಮ್ಮಯ್ಯ ಕೊರಳ ತಾಯತ ಹಿಡಿದುಕೊಂಡ. "ಮುರಳಿ ಮೇಷ್ಟ್ರು. ಕರ್ಪೂರ ಮುಗೀತು ತಗೊಂಬಾ ಅಂದ್ರು. ಹೋಗಿ ಬಂದೆ. ಅವರು ನನ್ನ ಮಕ್ಕಳಿಗೆ ಅಕ್ಷರ ಕಲಿಸಿದೋರು ಸ್ವಾಮಿ. ಬೊಟ್ಟು ಕೊಟ್ಟಿದ್ದೇ ಅವರು. ಕೊಟ್ಟೋರು ಕದೀತಾರಾ?"

ಮುರಳೀಕೃಷ್ಣ, ನಿವೃತ್ತ ಮೇಷ್ಟ್ರು, ಕಮಿಟಿ ಸದಸ್ಯರು. ಹೋದ ವರ್ಷ ಮೈಕಿನಲ್ಲಿ ಹೆಸರು ಕೂಗಿಸಿ, ಅಪ್ಪಟ ಬಂಗಾರದ್ದೆಂದು ಬೊಟ್ಟು ಅರ್ಪಿಸಿದ್ದರು. ಗುಡಿಯ ಒಡವೆಗಳನ್ನೆಲ್ಲ ಒರೆ ಹಚ್ಚಿ ಪಟ್ಟಿ ಮಾಡಲು ಕಮಿಟಿ ಗೊತ್ತು ಮಾಡಿದ್ದ ಅಕ್ಕಸಾಲಿ ಜುಲೈ 7ರ ಸೋಮವಾರ ಬರಬೇಕಿತ್ತು. ಬೇಡ ಎಂದು ಸಭೆಯಲ್ಲಿ ಹಟ ಹಿಡಿದವರು ಮೇಷ್ಟ್ರೊಬ್ಬರೇ. ಮಂಗಳವಾರ ಲತಾ ರಾಜಾಜಿನಗರದಲ್ಲಿ ಬೊಟ್ಟು ಮಾಡಿಕೊಟ್ಟ ಅಂಗಡಿ ಹುಡುಕಿ ಕೇಳಿದಾಗ ಅಂಗಡಿಯವನು ರಸೀತಿ ಪುಸ್ತಕ ತೆಗೆದ. ಬೆಳ್ಳಿ, ಮೇಲೆ ಚಿನ್ನದ ನೀರು.

ಬುಧವಾರ ಬೆಳಿಗ್ಗೆ ದೊಡ್ಡಹನುಮಯ್ಯ ಸಮವಸ್ತ್ರವಿಲ್ಲದೆ ಯಶೋದಮ್ಮನ ಮನೆಗೆ ನಡೆದು ಹೋದರು. ಅವಳು ಜಗುಲಿಯ ಮೇಲೆ ಕೂತಿದ್ದಳು. ಆ ಹೊತ್ತಿಗೆ ಕೈಯಲ್ಲಿ ಇರಬೇಕಾದ ಹೂವು ಇರಲಿಲ್ಲ. ಅವಳು ಕಟ್ಟಿದ ಮಾಲೆ ಅಮ್ಮನಿಗೆ ಬೇಡ ಎಂದು ಕಮಿಟಿ ಹೇಳಿ ಕಳಿಸಿತ್ತು.

"ಆ ಫೋಟೋ ಕಳಿಸಿದ್ದು ಮೋಹನ ಅಲ್ಲಮ್ಮ, ನಾನು. ಮೊನ್ನೆ ನಿಮ್ಮ ಮುಂದೆ ಹೇಳೋಕೆ ನಾಲಿಗೆ ಬರಲಿಲ್ಲ." ಅವರು ಜೇಬಿನಿಂದ ಹಳದಿ ಬಟ್ಟೆಯ ಗಂಟು ತೆಗೆದರು. "ಅಮ್ಮನಿಗೆ ಕಟ್ಟಿ ಹೋಗೋಣ ಅಂತ ಬಂದೆ."

ಯಶೋದಮ್ಮ ಗಂಟನ್ನು ನೋಡಿದಳು. ಮುಟ್ಟಲಿಲ್ಲ.

"ಅಮ್ಮನಿಗೆ ನೀವೇನು ಮಾಡಿದ್ರಿ ಸ್ವಾಮಿ? ತಪ್ಪು ಎಲ್ಲಿ ಆಗಿತ್ತೋ ಅಲ್ಲಿ ಕಟ್ಟಬೇಕು. ನನ್ನ ಮುಖ ನೇತು ಹಾಕಿದ್ದು ಬೇವಿನ ಮರಕ್ಕಲ್ಲ."

ಒಳಗಿಂದ ಚೈತ್ರ ಹೇಳಿದಳು, "ಗ್ರೂಪಲ್ಲಿ ಕಟ್ಟಿ ಸಾರ್."

ದೊಡ್ಡಹನುಮಯ್ಯ ಠಾಣೆಗೆ ಬಂದು ಮೊದಲು ಎಸಿಪಿಗೆ ವರದಿ ಬರೆದರು. ಫೋಟೋ ಹೊರಗೆ ಕೊಟ್ಟವನು ತಾನು, ಮೋಹನ್ ಕುಮಾರ್ ಅಲ್ಲ, ಯಾವ ಕ್ರಮಕ್ಕೂ ಬದ್ಧ ಎಂದು ಬರೆದು ಸಹಿ ಮಾಡಿದರು. ಮೋಹನ್ ಅದನ್ನು ಲಕೋಟೆಗೆ ಹಾಕುತ್ತಾ, "ನಿಮ್ಮ ಪೆನ್ಷನ್ ಟೈಮಲ್ಲಿ ಯಾಕೆ ಸಾರ್ ಇದು, ನಂದೇನು ಹೋಗ್ತಿತ್ತು" ಎಂದ. "ನಿನ್ನ ಹೆಸರು ಹೋಗ್ತಿತ್ತು ಕಣೋ" ಎಂದರು. ಆಮೇಲೆ ಪದ್ಮನಾಭರಿಗೆ ಹೇಳಿ ಭಕ್ತರ ಗ್ರೂಪಿಗೆ ತಮ್ಮನ್ನು ಸೇರಿಸಿಕೊಂಡರು. ಹನ್ನೆರಡು ಹತ್ತಕ್ಕೆ ಹೆಸರು, ಹುದ್ದೆ ಸಮೇತ ಬರೆದರು. ಯಶೋದಮ್ಮನವರು ಕಳ್ಳತನ ಮಾಡಿಲ್ಲ. ಅವರ ಫೋಟೋ ಹೊರಗೆ ಕೊಟ್ಟವನು ನಾನು. ಅದು ಕಾನೂನಿಗೆ ವಿರುದ್ಧ, ಮಾನಕ್ಕೂ ವಿರುದ್ಧ. ಅವರನ್ನೂ ಅವರ ಮಗಳನ್ನೂ ಕ್ಷಮೆ ಕೇಳುತ್ತೇನೆ. ಫೋಟೋ ಅಳಿಸಿ.

ನಾನೂರು ಜನರ ಗ್ರೂಪು. ಒಬ್ಬರೂ ಉತ್ತರ ಬರೆಯಲಿಲ್ಲ.

ಗುರುವಾರ, ಜುಲೈ 10, ಬೆಳಿಗ್ಗೆ ಹನ್ನೊಂದು. ಬಸವೇಶ್ವರನಗರದ ಮನೆಯ ಬಾಗಿಲನ್ನು ಮುರಳೀಕೃಷ್ಣ ತಾವೇ ತೆಗೆದರು. ದೊಡ್ಡಹನುಮಯ್ಯ ಕೋರ್ಟಿನ ಶೋಧನಾ ವಾರಂಟನ್ನು ಅವರಿಗೆ ಪೂರ್ತಿ ಓದಲು ಕೊಟ್ಟರು. ಇಬ್ಬರು ಪಂಚರ ಎದುರು ಶೋಧ ಶುರುವಾದಾಗ ಲತಾ ಅದನ್ನು ಆದಿಯಿಂದ ಅಂತ್ಯದವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಕಾನೂನು ಕೇಳುವುದು ಆ ವಿಡಿಯೋವನ್ನು, ಬೆಂಚಿನ ಮೇಲೆ ಕೂರಿಸಿದ ಫೋಟೋವನ್ನಲ್ಲ.

ಬೊಟ್ಟು ದೇವರ ಗೂಡಿನಲ್ಲಿ, ತೀರಿಕೊಂಡ ಹೆಂಡತಿಯ ಪಟದ ಹಿಂದೆ ಸಿಕ್ಕಿತು. ಪಕ್ಕದಲ್ಲಿ ಲೋಹ ಉಜ್ಜುವ ಒಂದು ಅರ.

"ಮೇಷ್ಟ್ರೇ, ನೀವು ಏನೂ ಹೇಳಬೇಕಾಗಿಲ್ಲ. ವಕೀಲರನ್ನ ಕರೆಸಬಹುದು. ಯಾರಿಗೆ ವಿಷಯ ತಿಳಿಸಬೇಕು?"

"ಮಗಳು ಮಾಲವಿಕಾಗೆ. ನಂದಿನಿ ಲೇಔಟಲ್ಲಿದಾಳೆ." ಮೇಷ್ಟ್ರು ಲತಾರ ಮೊಬೈಲಿನ ಕಡೆ ನೋಡಿದರು. "ನನ್ನ ಫೋಟೋ ತೆಗೀತೀರಾ?"

"ಗ್ರೂಪಿಗಾ? ಇಲ್ಲ."

"ಆ ಹೆಂಗಸಿನ ಫೋಟೋನ ನಾನೂ ನಾಲ್ಕು ಗ್ರೂಪಿಗೆ ಕಳಿಸಿದ್ದೆ" ಎಂದರು ಮುರಳೀಕೃಷ್ಣ, ಯಾರೂ ಕೇಳದೆ.

ಅದಕ್ಕೆ ಅವರನ್ನು ಬೈಯಲು ತಮಗೆ ಬಾಯಿಲ್ಲ ಎಂದು ದೊಡ್ಡಹನುಮಯ್ಯನವರಿಗೆ ಗೊತ್ತಿತ್ತು. ಅರದಿಂದ ಬೊಟ್ಟು ಉಜ್ಜಿ ಸಾಕ್ಷ್ಯ ಅಳಿಸಲು ಹೊರಟಿದ್ದೇ ಬಂಧನಕ್ಕೆ ಕಾರಣವೆಂದು ಬರೆದು, ಅದರ ಪ್ರತಿಯನ್ನು ಮೇಷ್ಟ್ರ ಕೈಗೆ ಕೊಟ್ಟರು. ಹನ್ನೆರಡು ಇಪ್ಪತ್ತಕ್ಕೆ ಬಂಧನದ ಜ್ಞಾಪನಪತ್ರಕ್ಕೆ ಸಹಿ ಬಿತ್ತು. ಮಾಲವಿಕಾ ಬರುವ ತನಕ ಕಾದು, ಹಿಂಬಾಗಿಲಿನಿಂದ ಜೀಪು ಹತ್ತಿಸಿದರು.

ಪದ್ಮನಾಭರ ಫೋನು ದಾರಿಯಲ್ಲೇ ಬಂತು. "ಸಾರ್, ಹಿಡಿದ್ರಂತೆ. ಯಾರು ಅಂತ ಒಂದು ಫೋಟೋ ಕಳಿಸಿ, ಹಾಕ್ಬಿಡೋಣ."

"ನೀವು ಹಾಕಿದ್ದಕ್ಕೂ ದೂರು ಇದೆ ಪದ್ಮನಾಭ್ರೇ. ನಾಳೆ ಹತ್ತಕ್ಕೆ ಬನ್ನಿ, ನೋಟಿಸ್ ಕೊಡ್ತೀನಿ. ವಕೀಲರನ್ನ ಕರ್ಕೊಂಡೇ ಬನ್ನಿ."

ಸಾಯಂಕಾಲ ಕೇಸ್ ಡೈರಿ ಬರೆಯುವಾಗ ಮೋಹನ್ ಪೆನ್ನು ನಿಲ್ಲಿಸಿ ಕೇಳಿದ, "ಎಲ್ಲ ಸರಿ ಸಾರ್. ಯಶೋದಮ್ಮ ಯಾಕೆ ಕಾಣಿಕೆ ಕಟ್ಟಿದ್ರು ಅನ್ನೋದು ಗೊತ್ತಾಗ್ಲೇ ಇಲ್ಲ."

"ಗೊತ್ತಾಗಬೇಕಾಗೂ ಇಲ್ಲ. ಪ್ರಕರಣಕ್ಕೆ ಸಂಬಂಧಿಸಿಲ್ಲ ಅಂತ ಬರಿ."

ಮೋಹನ್ ಬರೆದ. ಹಳೆಯ 'ತಪ್ಪೊಪ್ಪಿಗೆ' ಹಾಳೆಯನ್ನು ಹರಿಯದೆ, ಅದರ ಪಕ್ಕದಲ್ಲಿ ಆ ತಲೆಬರಹ ಯಾಕೆ ತಪ್ಪು ಎಂದು ವಿವರಿಸಿ ಇನ್‌ಸ್ಪೆಕ್ಟರೇ ಸಹಿ ಹಾಕಿದರು.

ಮೇಜಿನ ಮೇಲೆ ಮೊಹರಾಗಲು ಕಾದಿದ್ದ ಬೊಟ್ಟನ್ನು ಅವರು ದೀಪದ ಕೆಳಗೆ ತಿರುಗಿಸಿದರು. ಅಂಚಿನಲ್ಲಿ ಚಿನ್ನದ ನೀರು ಹೋಗಿ ಬೆಳ್ಳಿ ಇಣುಕುತ್ತಿತ್ತು. ಹಿಂಬದಿಯಲ್ಲಿ ಮೇಷ್ಟ್ರು ಹೆಂಡತಿಯ ಹೆಸರಲ್ಲಿ 'ಸೇವೆ: ಅನಂತಲಕ್ಷ್ಮಿ' ಎಂದು ಕೆತ್ತಿಸಿದ್ದರಂತೆ. ಅಮ್ಮನಿಗೆ ಬಂಗಾರದ ಬೊಟ್ಟು ಇಡಬೇಕೆಂದು ಆ ತಾಯಿ ಸಾಯುವ ತನಕ ಹೇಳುತ್ತಿದ್ದರಂತೆ. ಗಂಡನ ಕೈಗೆ ಎಟುಕಿದ್ದು ಬೆಳ್ಳಿ, ಮೈಕಿನಲ್ಲಿ ಬಾಯಿಂದ ಬಂದದ್ದು ಬಂಗಾರ. ಸೋಮವಾರ ಅಕ್ಕಸಾಲಿ ಆ ಹೆಸರಿನ ಎದುರು ನಕಲಿ ಎಂದು ಬರೆಯುವುದನ್ನು ತಪ್ಪಿಸಲು ಮೇಷ್ಟ್ರು ಇನ್ನೊಬ್ಬ ಹೆಂಗಸಿನ ಹೆಸರನ್ನು ಬೀದಿಗೆ ಬಿಟ್ಟಿದ್ದರು.

ಅರ 'ಸೇವೆ' ಎಂಬುದನ್ನು ಪೂರ್ತಿ ಉಜ್ಜಿ ಹಾಕಿತ್ತು. 'ಅನಂತಲಕ್ಷ್ಮಿ'ಯ ಮೊದಲ ಅಕ್ಷರದ ಹತ್ತಿರ ಬಂದು ನಿಂತಿತ್ತು.