ಮೂಲೆ ಮುರಿದ ಫರಸಿ

ಕಿಟಕಿಯಿಂದ ಮಡಿಚಿದ ಕಾಗದವೊಂದು ಒಳಗೆ ಬಂತು. ಕೊಟ್ಟವನು ನಂದಕಿಶೋರ್, ಚಿತ್ತಾಪುರ ಕೋರ್ಟಿನ ವಕೀಲ. ಶಹಾಬಾದಿನ ಕಲ್ಲು ಕಂಪನಿಯ ಅಳತೆ ಆಫೀಸಿನ ಮುಂದೆ ಮೂರು ತಿಂಗಳಿಂದ ಸುಮ್ಮಸುಮ್ಮನೆ ಬೈಕ್ ನಿಲ್ಲಿಸುತ್ತಿದ್ದ. ಒಳಗೆ ಕೂತು ಕಲ್ಲಿನ ಅಳತೆ ಚೀಟಿ ಬರೆಯುವ ವೃಂದಾಳಿಗೆ ಕಾರಣ ಗೊತ್ತಿತ್ತು.

ಪ್ರೇಮಪತ್ರವೇ ಇರಬೇಕು ಎಂದುಕೊಂಡಳು. ಆದರೂ ಎದೆ ಹೊಡೆದುಕೊಳ್ಳಲಿಲ್ಲ. ಅಪ್ಪನ ಕಲ್ಲು ಪಾಲಿಶ್ ಫ್ಯಾಕ್ಟರಿ ಮುಚ್ಚಿ, ಅಪ್ಪನೂ ಹೋದ ಮೇಲೆ ಎರಡು ವರ್ಷದಿಂದ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಸುತ್ತಲಿನ ಗಣಿಗಳ ಕಲ್ಲನ್ನೆಲ್ಲ ತಾನೊಂದೇ ಕೊಳ್ಳುತ್ತಿದ್ದ ಈ ಕಂಪನಿಯಿಂದಲೇ ಫ್ಯಾಕ್ಟರಿ ಮುಚ್ಚಿದ್ದು. ಈಗ ಅವಳಿಗೂ ಅವ್ವನಿಗೂ ಅನ್ನ ಹಾಕುತ್ತಿದ್ದುದೂ ಇದೇ.

ಕಾಗದ ಬಿಚ್ಚಿದಳು. ‘ಜಿಲ್ಲಾ ಪಂಚಾಯಿತಿ ಚುನಾವಣೆ, ೨೦೦೦. ಕಂಪನಿಯ ಏಕಸ್ವಾಮ್ಯವನ್ನು ಒಡೆಯೋಣ. ನಿಮ್ಮ ಪಕ್ಷೇತರ ಅಭ್ಯರ್ಥಿ ನಂದಕಿಶೋರ್.’

“ಹೆಂಗದರಿ?” ಎಂದ.

“ಅಕ್ಷರ ಚಂದ ಅವ. ವೋಟ್ ಬೀಳಂಗಿಲ್ಲ.”

“ಯಾಕ್ರೀ?”

“ಏಕಸ್ವಾಮ್ಯ ಅಂದ್ರ ಯಾವ್ದೋ ಮಠದ ಸ್ವಾಮಿ ಅಂದ್ಕೋತಾರ. ಒಡೀತೀನಿ ಅಂದ್ರ ತಮ್ಮ ಕೂಲಿ ತಪ್ತದ ಅಂತ ಅಂಜ್ತಾರ.”

ಅವನು ನಕ್ಕ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ತುಸು ಏರಿದ್ದವು. ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿ ಅವಳು ಮುಖ ತಿರುಗಿಸಿದಳು.

“ಮತ್ತ ಏನ್ ಹೇಳ್ಲಿ?”

ಅಂಗಳದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಇಳಿಸುತ್ತಿದ್ದರು. ವೃಂದಾ ದನಿ ತಗ್ಗಿಸಿದಳು. “ಮೂಲಿ ಮುರದ ಫರಸಿ ನಮ್ಮ ಕಂಪನಿಯವರು ಅಳತಿಗಿ ಹಿಡಿಯಂಗಿಲ್ಲ, ರೊಕ್ಕ ಕೊಡಂಗಿಲ್ಲ. ವಾಪಸ್ಸೂ ಕೊಡಂಗಿಲ್ಲ. ಅದು ಎಲ್ಲಿಗಿ ಹೋಗ್ತದ ಅಂತ ಕೇಳ್ರಿ. ಕೊಳ್ಳವ ಇನ್ನೊಬ್ಬ ಇದ್ರ ಹಿಂಗ ನಡೀತಿತ್ತೇನು, ಕೇಳ್ರಿ.”

“ಎಲೆಕ್ಷನ್ನಿಗಿ ನೀವೇ ನಿಂದ್ರಬೇಕಿತ್ತು ಬಿಡ್ರಿ.”

“ನನಗ ನೌಕರಿ ಅದರಿ.”

ಭಾನುವಾರ ಗಣಿ ಕೆಲಸಗಾರರ ಓಣಿಯಲ್ಲಿ ಸಭೆ. ವೃಂದಾ ಹೆಂಗಸರ ನಡುವೆ ಕೂತಿದ್ದಳು. ನಂದಕಿಶೋರ್ ಮೈಕ್ ಹಿಡಿದು ಅವಳು ಹೇಳಿಕೊಟ್ಟಿದ್ದನ್ನೇ ಕೇಳಿದ. ತಂಬಾಕು ತಿಕ್ಕುತ್ತಿದ್ದವರು ಕೈ ನಿಲ್ಲಿಸಿ ತಲೆಯೆತ್ತಿದರು.

“ಆ ಕಲ್ಲು ಕೆಲಸಕ್ಕ ಬರಂಗಿಲ್ಲ, ಚೆಲ್ತೀವಿ,” ಎಂದು ಹಿಂದೆ ನಿಂತಿದ್ದ ಕಂಪನಿಯ ಮೇಸ್ತ್ರಿ ಕೂಗಿದ. “ಕೋರ್ಟಿನಾಗ ಕುಂತವರಿಗಿ ಏನ್ ಗೊತ್ತದ?”

ಕಲ್ಲು ಒಡೆಯುವ ಅನಸುಬಾಯಿ ಎದ್ದು ವೃಂದಾಳ ಕಡೆ ಕೈ ಮಾಡಿದಳು. “ಈ ಬಾಯೋರು ದಿನಾ ಅಲ್ಲೇ ಕುಂದ್ರತಾರ. ಹೇಳ್ರೀ ಬಾಯೋರ, ಚೆಲ್ತಾರೋ, ಸಣ್ಣದು ಕೊಯ್ದು ಮಾರ್ತಾರೋ? ನೀವು ಮಾರ್ತಾರ ಅಂದ್ರ ನಮ್ಮ ಓಣಿ ವೋಟೆಲ್ಲಾ ವಕೀಲ್ರಿಗೇ.”

ವೃಂದಾ ಎದ್ದು ನಿಂತಳು. ಮಾರುವುದನ್ನು ಅವಳು ದಿನವೂ ಕಾಣುತ್ತಿದ್ದಳು. ಮೇಸ್ತ್ರಿ ಅವಳನ್ನೇ ನೋಡುತ್ತಿದ್ದ.

“ಅವರಿಗಿ ಕೇಳಬ್ಯಾಡ್ರಿ,” ಮೈಕಿನಲ್ಲಿ ನಂದಕಿಶೋರನ ದನಿ ಬಂತು. “ಅವರಿಗಿ ಏನೂ ಗೊತ್ತಿಲ್ಲ.”

ಅನಸುಬಾಯಿ ಕೈ ಇಳಿಸಿ ಕೂತಳು. ಆಮೇಲೆ ಯಾರೋ, “ವಕೀಲ್ರು ತಮ್ಮ ಸಾಕ್ಷಿ ಬಾಯಿ ತಾವೇ ಮುಚ್ಚಿಸಿದ್ರಲೇ!” ಎಂದರು. ಸಭೆಯೆಲ್ಲ ನಕ್ಕು ಎದ್ದುಹೋಯಿತು.

ಅವನು ಸೋತ. ಆ ಓಣಿಯವರು ಯಾರೂ ಅವನಿಗೆ ವೋಟು ಹಾಕಿರಲಿಲ್ಲ.

ಎಣಿಕೆಯಾದ ಮೂರನೇ ದಿನ ಬೈಕ್ ಮತ್ತೆ ಬಂದು ನಿಂತಿತು. ವೃಂದಾ ಕಿಟಕಿ ಮುಚ್ಚಿ, ಚಪ್ಪಲಿ ಮೆಟ್ಟಿ, ಹೊರಗೇ ಬಂದಳು.

“ನನಗ ಏನೂ ಗೊತ್ತಿಲ್ಲ ಅಂದ್ರಿ.”

“ನೌಕರಿ ಹೋಗ್ತಿತ್ತು.”

“ನೌಕರಿ ನಂದು. ಬಾಯೀನೂ ನಂದು. ನಿಮಗ್ಯಾರು ಕೇಳಿದ್ರು?” ಈ ಸಿಟ್ಟು ಎಲ್ಲಿತ್ತೋ ಅವಳಿಗೇ ತಿಳಿಯದು. ಜೋಮು ಹಿಡಿದ ಕಾಲಿಗೆ ರಕ್ತ ಇಳಿದಾಗ ಚುಚ್ಚುವಂತೆ ಮೈಯೆಲ್ಲ ಚುಚ್ಚುತ್ತಿತ್ತು.

ಅವನು ತಲೆ ತಗ್ಗಿಸಿದ. “ತಪ್ಪಾತು. ಆ ಮೇಸ್ತ್ರಿ ನಿನ್ನ ಕಡಿ ನೋಡಿದ್ದು ಕಂಡೆ. ಎಲೆಕ್ಷನ್ ಮರತೇ ಹೋತು.”

‘ನಿನ್ನ’ ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದನ್ನು ತಿದ್ದಲಿಲ್ಲ.

“ಮುಂದಿನ ಸಲ ನಾ ಮಾತಾಡ್ತೀನಿ,” ಎಂದಳು.

“ಇನ್ನಾ ಐದು ವರ್ಷ ಅದ.”

“ಅಷ್ಟರಾಗ ನಾ ಬ್ಯಾರೆ ನೌಕರಿ ನೋಡ್ಕೋತೀನಿ. ನೀವು ಒಮ್ಮಿ ಮನಿಗಿ ಬಂದು ಅವ್ವಗ ಭೆಟ್ಟಿ ಆಗ್ರಿ.”

ಅವನ ಕಿವಿ ಕೆಂಪಾದವು. “ಅವ್ವಗ ಏನಂತ ಹೇಳ್ಲಿ?”

“ಭಾಷಣ ಮಾಡಬ್ಯಾಡ್ರಿ,” ಎಂದಳು ವೃಂದಾ. “ಸೀದಾ ಕೇಳ್ರಿ.”